ದುರ್ಗದ ಸೀಮೆಗೆ ಸ್ವಾತಂತ್ರ್ಯ ಬಂದದ್ದು ಎಂದು?

ನಮ್ಮ ಜಿಲ್ಲೆಯ ಯಾವ ಊರಿನ ಶಾಲೆಗೆ ಹೋಗಿ ಕೇಳಿದರೂ ಮಕ್ಕಳು ಎರಡು ಇಸವಿಗಳನ್ನು ತಡವರಿಸದೆ ಹೇಳುತ್ತಾರೆ. ಒಂದು 1779, ಮದಕರಿನಾಯಕನ ದುರ್ಗವು ಹೈದರಾಲಿಯ ವಶವಾದ ವರ್ಷ. ಇನ್ನೊಂದು 1947. ಇವೆರಡರ ನಡುವೆ ನೂರ ಅರವತ್ತೆಂಟು ವರ್ಷಗಳಿವೆ. ಆ ಕಾಲದಲ್ಲಿ ಈ ಸೀಮೆಯನ್ನು ಆಳಿದವರು ಯಾರು, ಆಳ್ವಿಕೆ ಅವರ ಕೈಯಿಂದ ನಮ್ಮ ಕೈಗೆ ಬಂದ ಬಗೆ ಯಾವುದು ಎಂದು ಕೇಳಿದರೆ ಮಕ್ಕಳಷ್ಟೇ ಅಲ್ಲ, ಅವರ ಉಪಾಧ್ಯಾಯರೂ ತುಸು ಹೊತ್ತು ಸೂರು ನೋಡುತ್ತಾರೆ. ಮೂರು ದಶಕಗಳಿಗೂ ಮಿಕ್ಕು ಈ ಭಾಗದ ಪ್ರೌಢಶಾಲೆಗಳಲ್ಲಿ ಚರಿತ್ರೆಯನ್ನು ಬೋಧಿಸಿದವನಾದ್ದರಿಂದ ಈ ಮಾತನ್ನು ಬಲ್ಲೆನಾಗಿ ಹೇಳುತ್ತಿದ್ದೇನೆ. ಯಾರನ್ನೂ ಹೀಗಳೆಯುವ ಉದ್ದೇಶ ನನಗಿಲ್ಲ.

ನಮ್ಮ ಸೀಮೆಯ ನೆನಪು ಕೋಟೆಯ ಬಾಗಿಲಲ್ಲಿಯೇ ನಿಂತುಬಿಟ್ಟಿದೆ ಎಂಬುದು ನನ್ನ ಆಕ್ಷೇಪ. ಕೋಟೆ ಬಿದ್ದದ್ದನ್ನು ನಾವು ಕಣ್ಣೀರಿಟ್ಟು ನೆನೆಯುತ್ತೇವೆ. ಕೋಟೆಯೇ ಇಲ್ಲದ ಜನ ತಮ್ಮ ಊರಿನ ಆಡಳಿತವನ್ನು ತಮ್ಮದನ್ನಾಗಿ ಮಾಡಿಕೊಂಡದ್ದನ್ನು ನೆನೆಯುವುದಿಲ್ಲ. ಓಬವ್ವನ ಒನಕೆಯನ್ನು ಬಲ್ಲ ಮಗುವಿಗೆ ತುರುವನೂರಿನ ಕೊಡಲಿ ಗೊತ್ತಿಲ್ಲ. ಇದು ಸಣ್ಣ ಲೋಪವೆಂದು ನನಗೆ ತೋರುವುದಿಲ್ಲ.

ನಾಯಕರ ಕಾಲವನ್ನು ನಾನು ಲಘುವಾಗಿ ಕಾಣುವವನಲ್ಲ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಮೊದಲಾದ ಆ ಮನೆತನ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಈ ಬರಡು ನೆಲವನ್ನು ಆಳಿತು. ಭರಮಣ್ಣ ನಾಯಕನ ಹೆಸರಿನ ಭರಮಸಾಗರ ಇಂದಿಗೂ ಇದೆ. ಹೊಸದುರ್ಗವೆಂಬ ಹೆಸರೇ ಹೇಳುವಂತೆ ಅದು ಹಳೆಯ ದುರ್ಗದ ನಾಯಕರು ಕಟ್ಟಿಸಿದ ಹೊಸ ದುರ್ಗ. ತ.ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ವನ್ನು ಬರೆದು ಆ ಕಾಲವನ್ನು ಕನ್ನಡಿಗರ ಮನೆಮಾತಾಗಿಸಿದರು, 1985ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಅವರೇ ಇರಲಿಲ್ಲ. 1972ರ ‘ನಾಗರಹಾವು’ ಚಿತ್ರ ಓಬವ್ವನನ್ನು ಅಕ್ಷರ ಬಾರದವರ ಮನೆಗಳಿಗೂ ಕರೆದೊಯ್ದಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ಇವೆಲ್ಲ ಆಗಬೇಕಾದ ಕಾರ್ಯಗಳೇ.

ಆದರೂ ಒಂದು ಮಾತನ್ನು ಹೇಳಲೇಬೇಕು. ನಾಯಕರ ರಾಜ್ಯವು ನಮ್ಮವರ ರಾಜ್ಯವಾಗಿತ್ತು, ನಮ್ಮ ರಾಜ್ಯವಾಗಿರಲಿಲ್ಲ. ಅಂದಿನ ರೈತ ನಾಯಕನನ್ನು ಆರಿಸಲಿಲ್ಲ, ಬೇಡವೆಂದು ಇಳಿಸಲೂ ಬರುತ್ತಿರಲಿಲ್ಲ. ದುರ್ಗ ಬಿದ್ದಾಗ ನಾಯಕನ ಸೆರೆಯ ಜೊತೆಗೆ ಸಾಮಾನ್ಯರಿಗೆ ಏನಾಯಿತೆಂಬುದನ್ನು ನಾವು ಹೆಚ್ಚು ಓದುವುದಿಲ್ಲ. ಇಪ್ಪತ್ತು ಸಾವಿರ ಜನರನ್ನು ಈ ಸೀಮೆಯಿಂದ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲಾಯಿತೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಸಂಖ್ಯೆ ಹೆಚ್ಚೋ ಕಡಿಮೆಯೋ, ಮನೆಮಠ ಬಿಟ್ಟು ನಡೆದವರಿಗೆ ಸ್ಮಾರಕವಿಲ್ಲ, ಕಾದಂಬರಿಯೂ ಇಲ್ಲ.

ಇಪ್ಪತ್ತು ವರ್ಷಗಳ ನಂತರ, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಈ ನೆಲವು ಮೇಜಿನ ಮೇಲೆ ಹರಡಿದ ನಕ್ಷೆಯಾಯಿತು. ಈಸ್ಟ್ ಇಂಡಿಯಾ ಕಂಪನಿ, ನಿಜಾಮ, ಪೇಶ್ವೆಯರ ನಡುವಣ ಲೆಕ್ಕಾಚಾರದಲ್ಲಿ ಯಾವ ಪರಗಣೆ ಯಾರಿಗೆ ಎಂದು ತೀರ್ಮಾನವಾಯಿತು. 1803ರಲ್ಲಿ ಆದ ವಿನಿಮಯದಲ್ಲಿ ವಯನಾಡು ಮೊದಲಾದ ಸೀಮೆಗಳನ್ನು ಬಿಟ್ಟುಕೊಟ್ಟ ಮೈಸೂರಿಗೆ ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು ಬಂದವು. ಸಂತೆಯಲ್ಲಿ ಎತ್ತು ಬದಲಾಯಿಸಿದ ಹಾಗೆ! ಎತ್ತಿನ ವ್ಯಾಪಾರದಲ್ಲಾದರೂ ಟವಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ನಡೆಯುವುದನ್ನು ಸುತ್ತ ನಿಂತ ಹತ್ತು ಜನ ನೋಡುತ್ತಾರೆ. ತಮ್ಮನ್ನು ವಯನಾಡಿಗೆ ಬದಲಾಗಿ ಕೊಡಲಾಗಿದೆ ಎಂಬ ಸಂಗತಿ ಹೊಳಲ್ಕೆರೆಯ ಒಕ್ಕಲಿಗನಿಗೆ ಎಷ್ಟು ಕಾಲದ ಮೇಲೆ ತಿಳಿಯಿತೋ! ನಾನು ಈ ಒಂದು ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹೊಳಲ್ಕೆರೆ ಕಡೆಯ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಪರಾಧೀನತೆ ಎಂಬ ದೊಡ್ಡ ಪದವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಆಮೇಲೆ ಬಂದದ್ದು ಎರಡು ಅಂತಸ್ತಿನ ಆಳ್ವಿಕೆ. ಕೆಳಗೆ ಮೈಸೂರಿನ ಅರಮನೆ, ಮೇಲೆ ಕಂಪನಿ. 1830-31ರ ನಗರದ ದಂಗೆಯ ನಂತರ ಆಡಳಿತ ಕೆಟ್ಟಿದೆಯೆಂಬ ಕಾರಣ ಮುಂದೊಡ್ಡಿ ಬ್ರಿಟಿಷರು 1831ರಲ್ಲಿ ರಾಜ್ಯಭಾರವನ್ನು ನೇರವಾಗಿ ವಹಿಸಿಕೊಂಡರು. 1881ರ ಮಾರ್ಚ್ 25ರವರೆಗೆ, ಐವತ್ತು ವರ್ಷ, ಕಮೀಷನರರ ಆಡಳಿತ ನಡೆಯಿತು. ರಾಜ್ಯವನ್ನು ನಾಲ್ಕು ವಿಭಾಗ ಮಾಡಿದಾಗ ದುರ್ಗವೂ ಒಂದು ವಿಭಾಗವಾಯಿತು. ಅದರ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಸಾಹೇಬನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಬೆಂಗಳೂರಿಗೆ ಹೋಗುವ ಬಸ್ಸು ದಾಬಸ್‌ಪೇಟೆಯಲ್ಲಿ ನಿಂತಾಗ ಕಾಫಿ ಕುಡಿಯಲು ಇಳಿಯುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ ಕಾಣೆ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಮೇಲಿನ ಅಂತಸ್ತು ಮಾತ್ರ ಹಾಗೆಯೇ ಉಳಿಯಿತು. ಮೈಸೂರು ಪ್ರತಿ ವರ್ಷ ಬ್ರಿಟಿಷರಿಗೆ ಒಪ್ಪಿಸುತ್ತಿದ್ದ ಪೊಗದಿ 24.5 ಲಕ್ಷ ರೂಪಾಯಿ. 1896ರಿಂದ ಅದು 35 ಲಕ್ಷಕ್ಕೆ ಏರಿತು. ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟದ್ದು 1928ರಲ್ಲಿ. ಈ ಅಂಕಿಗಳನ್ನು ನಮ್ಮ ವಾಣಿವಿಲಾಸ ಸಾಗರದ ಪಕ್ಕದಲ್ಲಿಟ್ಟು ನೋಡಬೇಕು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಎದ್ದದ್ದು ಇದೇ ವರ್ಷಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಕೆಲಸ 1907ರ ಹೊತ್ತಿಗೆ ಮುಗಿಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. (ಆ ದಿನ ಹಿರಿಯೂರಿನ ಅರ್ಧ ಊರೇ ಕಟ್ಟೆಯ ಬಳಿ ಇತ್ತು. 2025ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ಅಷ್ಟು ಬೆರಗಾಗಲಿಲ್ಲ. ಮನುಷ್ಯನ ಸ್ವಭಾವವೇ ಹಾಗೆ.) ಈ ಅಣೆಕಟ್ಟೆಯ ಕಾರಣಕ್ಕಾಗಿ ನಾನು ಮೈಸೂರಿನ ಆಳ್ವಿಕೆಯನ್ನು ಬರೀ ಹೊರಗಿನವರ ಆಳ್ವಿಕೆಯೆಂದು ಕರೆಯಲಾರೆ. ಬಯಲುಸೀಮೆಯ ಬಾಯಾರಿಕೆಯನ್ನು ಅರಿತು ಕಟ್ಟಿದ ಕಟ್ಟೆ ಅದು. ಆದರೆ ಅದನ್ನು ಕಟ್ಟಬೇಕೋ, ಕಾಲುವೆ ಯಾವ ಕಡೆಗೆ ಹರಿಯಬೇಕೋ, ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ನೆಲ ಕಳೆದುಕೊಳ್ಳುವವನಿಗೆ ಏನು ಕೊಡಬೇಕೋ, ಇದನ್ನೆಲ್ಲ ನಿರ್ಧರಿಸುವಲ್ಲಿ ನಮ್ಮ ಹಿರಿಯರಿಗೆ ಸ್ಥಾನವಿರಲಿಲ್ಲ. ಒಳ್ಳೆಯ ಧಣಿ ಸಿಕ್ಕಿದ್ದ, ಅಷ್ಟೆ.

ಪ್ರಜಾಪ್ರತಿನಿಧಿ ಸಭೆ ಇರಲಿಲ್ಲವೇ ಎಂದು ಕೆಲವರು ಕೇಳಬಹುದು. ಇತ್ತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿಯೇ 144 ಮಂದಿಯ ಆ ಸಭೆಯನ್ನು ಕರೆದರು. ಇಡೀ ದೇಶದಲ್ಲಿ ಅಂಥದು ಆಗ ಬೇರೆಲ್ಲಿಯೂ ಇರಲಿಲ್ಲ. ದಸರೆಯ ಸಮಯದಲ್ಲಿ ಜಿಲ್ಲೆಗಳಿಂದ ಗಣ್ಯರು ಮೈಸೂರಿಗೆ ಹೋಗಿ, ಕೆರೆ ಒಡೆದಿದೆ, ರಸ್ತೆ ಕೆಟ್ಟಿದೆ ಎಂದು ಬಿನ್ನವಿಸಿಕೊಂಡು ಬರುತ್ತಿದ್ದರು. ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಂಡದ್ದನ್ನು ನಡೆಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ಮುಂದೆ ಅದಕ್ಕೆ ಚುನಾವಣೆ ಬಂದರೂ ಮತ ಹಾಕುವ ಹಕ್ಕು ಆಸ್ತಿವಂತರಿಗೆ, ಕಂದಾಯ ಕಟ್ಟುವವರಿಗೆ ಸೀಮಿತವಾಗಿತ್ತು. ಕುರಿ ಕಾಯುವ ಕಾಡುಗೊಲ್ಲನಿಗೂ, ಕೇರಿಯ ಕೂಲಿಯಾಳಿಗೂ, ತಾಂಡಾದ ಲಂಬಾಣಿಗೂ ಆ ಸಭೆ ಮೈಸೂರಿನ ಜಂಬೂಸವಾರಿಯಷ್ಟೇ ದೂರದ ಸಂಗತಿ. ಬಿನ್ನಹಕ್ಕೂ ಹಕ್ಕಿಗೂ ಇರುವ ಅಂತರ ಇಲ್ಲಿದೆ.

ಇಂಥ ಎರಡು ಅಂತಸ್ತಿನ ಆಳ್ವಿಕೆ ನಮಗೊಬ್ಬರಿಗೇ ಬಂದ ಪಾಡಲ್ಲ. ಮಧ್ಯ ಏಷ್ಯಾದ ತಾಜಿಕರ ಚರಿತ್ರೆಯನ್ನು ಓದಿದವರಿಗೆ ಹೋಲಿಕೆ ಥಟ್ಟನೆ ಹೊಳೆಯುತ್ತದೆ. ಬುಖಾರಾದ ಅಮೀರ 1868ರಲ್ಲಿ ರಷ್ಯದ ಜಾರ್ ಚಕ್ರವರ್ತಿಗೆ ಅಧೀನನಾದ. ಸಿಂಹಾಸನ ಉಳಿಯಿತು, ಅದರ ಮೇಲೊಬ್ಬ ಯಜಮಾನ ಬಂದ. ಅಮೀರನ ಆಡಳಿತ ಬದಲಾಗಬೇಕೆಂದು ಬಯಸಿದ ಲೇಖಕ ಸದ್ರಿದ್ದೀನ್ ಐನಿಗೆ 1917ರಲ್ಲಿ ಎಪ್ಪತ್ತೈದು ಛಡಿಯೇಟು ಬಿದ್ದವು. ಹೊಡೆಸಿದವನು ಪರದೇಶದವನಲ್ಲ, ಸ್ವಂತ ಅಮೀರನೇ. 1920ರಲ್ಲಿ ಅಮೀರ ಓಡಿಹೋದ. 1924ರಲ್ಲಿ ತಾಜಿಕರಿಗೆ ಉಜ್ಬೇಕಿಸ್ತಾನದ ಒಳಗೊಂದು ಸ್ವಾಯತ್ತ ಪ್ರದೇಶ, 1929ರಲ್ಲಿ ಸೋವಿಯತ್ ಒಕ್ಕೂಟದೊಳಗೆ ಪ್ರತ್ಯೇಕ ಗಣರಾಜ್ಯ ದೊರೆಯಿತು. ಅವರ ಭಾಷೆ, ಸಂಸ್ಕೃತಿಗಳ ತವರಾದ ಸಮರ್ಕಂದ, ಬುಖಾರಾಗಳು ಮಾತ್ರ ಗಡಿಯಾಚೆಯೇ ಉಳಿದವು. ಪೂರ್ಣ ಸ್ವಾತಂತ್ರ್ಯ ಘೋಷಣೆಯಾದದ್ದು 1991ರ ಸೆಪ್ಟೆಂಬರ್ 9ರಂದು. ಮರುವರ್ಷವೇ ಒಳಯುದ್ಧ ಹೊತ್ತಿಕೊಂಡು 1997ರವರೆಗೆ ಉರಿಯಿತು. ಒಂದೇ ತಾರೀಖಿನಲ್ಲಿ ಯಾವ ಜನಾಂಗವೂ ಪರಾಧೀನತೆಯಿಂದ ಹೊರಬರುವುದಿಲ್ಲವೆಂಬುದಕ್ಕೆ ಆ ಬೆಟ್ಟಗಾಡು ದೇಶವೊಂದು ಸಾಕ್ಷಿ. ಅಮೀರನಿಂದ, ಚಕ್ರವರ್ತಿಯಿಂದ, ಗಡಿಗೆರೆ ಎಳೆದವರಿಂದ ಹೀಗೆ ಬೇರೆಬೇರೆ ಬಿಡುಗಡೆಗಳು ಬೇಕಾಗುತ್ತವೆ. ನಮ್ಮ ಸೀಮೆಗೂ ಹಾಗೆಯೇ ಆಯಿತು. ನಮ್ಮ ಪುಣ್ಯಕ್ಕೆ ರಕ್ತ ಹೆಚ್ಚು ಹರಿಯಲಿಲ್ಲ.

ಹೆಚ್ಚು ಹರಿಯಲಿಲ್ಲವೆಂದೆ; ಹರಿಯಲೇ ಇಲ್ಲವೆಂದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಗುಂಡು ಹಾರಿಸಿದ್ದು ಬಿಳಿಯರ ಸೈನ್ಯವಲ್ಲ, ಮೈಸೂರಿನ ಪೊಲೀಸರು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ ಬಾವುಟ ಹಾರಿಸಲು ಅನುಮತಿ ದೊರೆಯಿತು. ಹೊಣೆಗಾರಿಕೆಯ ಸರ್ಕಾರ ಮಾತ್ರ ದೊರೆಯಲಿಲ್ಲ. ಹೊಣೆಗಾರಿಕೆಯ ಸರ್ಕಾರವೆಂದರೆ ಆಳುವ ಮಂತ್ರಿ ಅರಮನೆಗಲ್ಲ, ಆರಿಸಿದ ಜನಕ್ಕೆ ಉತ್ತರ ಹೇಳಬೇಕಾದ ಸರ್ಕಾರ. ಅಂದಿನ ಚಳವಳಿಗಾರರ ಬೇಡಿಕೆ ಇಷ್ಟೇ.

ಮರುವರ್ಷ, 1939ರ ಸೆಪ್ಟೆಂಬರಿನಲ್ಲಿ, ಚಳವಳಿ ನಮ್ಮ ಅಂಗಳಕ್ಕೆ ಬಂತು. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು.

ಈಚಲು ಮರವೇ ಏಕೆ ಎಂದು ಇಂದಿನ ಓದುಗರು ಕೇಳಿಯಾರು. ಗಾಂಧೀಜಿ ದಂಡಿಯಲ್ಲಿ ಉಪ್ಪನ್ನು ಆರಿಸಿಕೊಂಡದ್ದು ಅದು ಬಡವನ ಗಂಜಿಯಲ್ಲಿಯೂ ಇದ್ದುದರಿಂದ. ನಮ್ಮ ಸೀಮೆಗೆ ಸಮುದ್ರವಿಲ್ಲ. ಹಳ್ಳದ ದಂಡೆ, ಕೆರೆಯ ಅಂಗಳ, ತಗ್ಗಿನ ಜೌಗು ಎಲ್ಲಿ ನೋಡಿದರೂ ಈಚಲು ಬನ. ಮರ ಸರ್ಕಾರದ್ದು, ಅದರಿಂದ ಇಳಿಸುವ ಹೆಂಡದ ಗುತ್ತಿಗೆ ಹರಾಜಾಗುವುದು, ಗುತ್ತಿಗೆಯ ಹಣ ಅಬಕಾರಿ ಬೊಕ್ಕಸಕ್ಕೆ, ಹೆಂಡದ ಅಮಲು ಬಡವನ ಹೊಟ್ಟೆಗೆ. ಕೂಲಿಯವನ ದಿನದ ದುಡಿಮೆ ಸಂಜೆಗೆ ಹೆಂಡದಂಗಡಿಯ ಹಾದಿಯಾಗಿ ಮತ್ತೆ ಸರ್ಕಾರಕ್ಕೇ ಸೇರುವ ಚಕ್ರವಿದು. ಪಾನನಿಷೇಧವು ಗಾಂಧೀಜಿಯ ನಿರ್ಮಾಣ ಕಾರ್ಯಕ್ರಮದ ಭಾಗವೂ ಹೌದು. ಆದ್ದರಿಂದ ಸರ್ಕಾರದ ಮರಕ್ಕೆ ಕೊಡಲಿ ಹಾಕಿದರೆ ಕಾನೂನು ಮುರಿದಂತೆಯೂ ಆಯಿತು, ಬೊಕ್ಕಸಕ್ಕೆ ಪೆಟ್ಟು ಕೊಟ್ಟಂತೆಯೂ ಆಯಿತು, ಮನೆಯ ಹೆಂಗಸರ ಕಣ್ಣೀರು ಒರೆಸಿದಂತೆಯೂ ಆಯಿತು. ಭಾಷಣ ಕೇಳಿ ತಿಳಿಯಬೇಕಾದದ್ದು ಇದರಲ್ಲಿ ಏನೂ ಇರಲಿಲ್ಲ.

ಈ ಹೋರಾಟದ ಮುಂದಾಳು ಎಸ್. ನಿಜಲಿಂಗಪ್ಪನವರು. 1902ರಲ್ಲಿ ಹಲುವಾಗಲಿನಲ್ಲಿ ಜನಿಸಿ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳಲ್ಲಿ ಓದಿ, ಪುಣೆಯಲ್ಲಿ ಕಾನೂನು ಕಲಿತು ದುರ್ಗದಲ್ಲಿ ವಕೀಲಿ ನಡೆಸುತ್ತಿದ್ದವರು. ಕಾನೂನು ಓದಿದವರು ಕಾನೂನು ಮುರಿದು ಸೆರೆಮನೆ ಸೇರಿದರು. ಅವರ ಹಿಂದೆ ಹಳ್ಳಿಗಳ ರೈತರು, ನೇಕಾರರು, ವಿದ್ಯಾರ್ಥಿಗಳು ಹೋದರು. ಅಂದು ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆಯ ಕಡೆಯಿಂದ ಬಳ್ಳಾರಿ ಸಿದ್ದಮ್ಮನವರಂಥ ಹೆಂಗಸರೂ ಈ ಚಳವಳಿಗೆ ಧುಮುಕಿ ಜೈಲು ಕಂಡರು. ಬಹಳ ಹಿಂದೆ ತುರುವನೂರಿನ ವೃದ್ಧರೊಬ್ಬರನ್ನು ಅವರ ಮನೆಯ ಜಗುಲಿಯಲ್ಲಿ ಮಾತಾಡಿಸಿದ್ದೆ. ಆಗ ಅವರು ಹತ್ತು ಹನ್ನೆರಡರ ಹುಡುಗ. “ಮರ ಬೀಳೋದು ನೋಡೋಕೆ ಹೋಗಿದ್ವಿ ಸ್ವಾಮಿ. ಸ್ವರಾಜ್ಯ ಅಂದ್ರೆ ಏನು ಅಂತ ನಮಗೇನು ಗೊತ್ತು? ಪೊಲೀಸ್ನೋರು ಬಂದ್ರೂ ದೊಡ್ಡೋರು ಓಡ್ಲಿಲ್ಲ. ಅದು ನೋಡಿ ನಾವೂ ಓಡ್ಲಿಲ್ಲ” ಎಂದರು. ಸ್ವರಾಜ್ಯದ ಬಗೆಗೆ ನಾನು ಓದಿದ ಅನೇಕ ವ್ಯಾಖ್ಯಾನಗಳಲ್ಲಿ ಈ ಮಾತು ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ.

ಇದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಈಚಲು ಮರವನ್ನೇ ನಂಬಿ ಬದುಕುತ್ತಿದ್ದ ಕುಟುಂಬಗಳೂ ಇದ್ದವು. ಹೆಂಡ ಇಳಿಸುವ ಈಡಿಗರಿಗೆ, ಗರಿಯಿಂದ ಚಾಪೆ, ಪೊರಕೆ, ಬುಟ್ಟಿ ಹೆಣೆಯುವವರಿಗೆ ಬಿದ್ದ ಪ್ರತಿಯೊಂದು ಮರವೂ ಒಂದು ಊಟ. ಅರಮನೆಯ ಬೊಕ್ಕಸಕ್ಕೆ ಗುರಿಯಿಟ್ಟ ಏಟು ಮೊದಲು ತಗುಲಿದ್ದು ಅವರಿಗೇ. ಚಳವಳಿಯ ಚರಿತ್ರೆ ಬರೆದವರು ಈ ಮಾತನ್ನು ಹೆಚ್ಚಾಗಿ ಹೇಳುವುದಿಲ್ಲ. ನಾವು ಹೇಳಿದರೆ ಸತ್ಯಾಗ್ರಹದ ಘನತೆಯೇನೂ ಕುಂದುವುದಿಲ್ಲವೆಂದು ನನ್ನ ಭಾವನೆ. ಮಕ್ಕಳಿಗೆ ಬರೀ ಜಯಘೋಷ ಕಲಿಸುವುದು ನನಗೆ ಎಂದೂ ಹಿಡಿಸಿದ್ದಲ್ಲ.

1942ರ ಕ್ವಿಟ್ ಇಂಡಿಯಾ ದಿನಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಶಿಕಾರಿಪುರದ ಈಸೂರು ಎಲ್ಲರಿಗೂ ಗೊತ್ತು. ದಾವಣಗೆರೆಯಲ್ಲಿ ಗೋಲಿಬಾರಿಗೆ ಬಲಿಯಾದ ಆರು ಮಂದಿಯ ಹೆಸರು ಆ ಊರಿನ ಹುತಾತ್ಮರ ಸ್ಮಾರಕದಲ್ಲಿದೆ. ನನ್ನ ಪ್ರಶ್ನೆ ಅದರ ಮುಂದಿನದು.

1947ರ ಆಗಸ್ಟ್ 15ರ ಬೆಳಿಗ್ಗೆ ದೆಹಲಿಯಲ್ಲಿ ಸ್ವಾತಂತ್ರ್ಯೋತ್ಸವ ನಡೆದಾಗ ಚಿತ್ರದುರ್ಗದ ಜನಕ್ಕೆ ಸಿಕ್ಕಿದ್ದೇನು? ಮಹಾರಾಜ ಜಯಚಾಮರಾಜ ಒಡೆಯರು ಆ ತಿಂಗಳ ಮೊದಲರ್ಧದಲ್ಲಿಯೇ ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಮಾಡಿದ್ದರು. ಮೇಲಿನ ಅಂತಸ್ತು ಖಾಲಿಯಾಗಿತ್ತು. ಕೆಳಗಿನದು ಇದ್ದಂತೆಯೇ ಇತ್ತು. ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ದಿವಾನರಾಗಿಯೇ ಮುಂದುವರಿದರು. ಬ್ರಿಟಿಷ್ ಪ್ರಾಂತ್ಯವಾಗಿದ್ದ ನೆರೆಯ ಬಳ್ಳಾರಿಯವನು ಅಂದು ಸ್ವತಂತ್ರನಾದ. ಗಡಿ ದಾಟಿ ಮೊಳಕಾಲ್ಮೂರಿಗೆ ಬಂದರೆ ಅದೇ ಅಮಲ್ದಾರ, ಅದೇ ಹುಕುಂ.

ಆದ್ದರಿಂದಲೇ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಆರಂಭವಾಯಿತು. ಸ್ವತಂತ್ರ ಭಾರತದಲ್ಲಿ, ಸ್ವಾತಂತ್ರ್ಯ ಬಂದ ಹದಿನೇಳನೆಯ ದಿನ, ಸ್ವಾತಂತ್ರ್ಯಕ್ಕಾಗಿ ಮತ್ತೊಂದು ಹೋರಾಟ! ಕೆ.ಸಿ. ರೆಡ್ಡಿಯವರಾದಿಯಾಗಿ ನಾಯಕರು ಬಂಧಿತರಾದರು. ವಿದ್ಯಾರ್ಥಿಗಳು ಶಾಲೆ ಬಿಟ್ಟರು, ಕಾರ್ಮಿಕರು ಗಿರಣಿ ಬಿಟ್ಟರು, ತಾಲ್ಲೂಕು ಕಚೇರಿಗಳ ಮುಂದೆ ಜನ ನೆರೆದರು. ಆರು ವಾರಗಳಲ್ಲಿ ಅರಮನೆ ಮಣಿಯಿತು. ಅಕ್ಟೋಬರ್ ಕೊನೆಗೆ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ನಮ್ಮ ಸೀಮೆಗೆ ಸ್ವಾತಂತ್ರ್ಯ ಬಂದದ್ದು ಯಾವಾಗ ಎಂದು ನನ್ನನ್ನು ಕೇಳಿದರೆ ಈ ಅಕ್ಟೋಬರನ್ನೇ ಹೇಳುತ್ತೇನೆ. ಆಗಸ್ಟ್ 15ರ ಧ್ವಜವಂದನೆಯನ್ನು ಬಿಡಬೇಕೆಂದಲ್ಲ. ಆ ದಿನದ ಮಿಠಾಯಿ ಹಂಚುವಾಗ, ನಿಮ್ಮ ತಾತ ಇನ್ನೂ ಎರಡು ತಿಂಗಳು ಹೋರಾಡಬೇಕಾಯಿತು ಎಂದು ಮಕ್ಕಳಿಗೆ ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತದೆ?

ಇಷ್ಟಾದರೂ ಗಡಿಗೆರೆಯ ಬಿಡುಗಡೆ ಬಾಕಿ ಇತ್ತು. ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರಕ್ಕೆ ಹೋದವು. ಮೊಳಕಾಲ್ಮೂರಿನವರಿಗೆ ರಾಯದುರ್ಗ ಹೆಣ್ಣು ಕೊಟ್ಟು ತರುವ ಊರು. ತಾಜಿಕರ ಸಮರ್ಕಂದದ ವಿಷಯ ಓದಿದಾಗ ನನಗೆ ನೆನಪಾದದ್ದು ಅದೇ. ಹಳೆಯ ಮೈಸೂರಿನ ಕೆಲವು ಮುಖಂಡರು ಏಕೀಕರಣಕ್ಕೆ ಒಲ್ಲೆನೆಂದರು: ತಮ್ಮ ಸೌಕರ್ಯ ಹಂಚಿಹೋದೀತು, ಅಧಿಕಾರ ಬೇರೆಯವರ ಪಾಲಾದೀತು ಎಂಬ ಅಂಜಿಕೆ. ಅವರ ಮಾತಿಗೆ ಮಣಿಯದೆ ಏಕೀಕರಣದ ಪರ ನಿಂತವರಲ್ಲಿ ನಮ್ಮ ದುರ್ಗದ ವಕೀಲರು ಪ್ರಮುಖರು. 1952ರಲ್ಲಿ ಚಿತ್ರದುರ್ಗದಿಂದಲೇ ಲೋಕಸಭೆಗೆ ಆರಿಸಿಹೋಗಿದ್ದ ನಿಜಲಿಂಗಪ್ಪನವರು 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಈಚಲು ಮರ ಕಡಿದು ಜೈಲಿಗೆ ಹೋದವರು ಹದಿನೇಳು ವರ್ಷದೊಳಗೆ ಆ ರಾಜ್ಯದ ಗಾದಿಯಲ್ಲಿ ಕುಳಿತರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ನಮ್ಮ ಸಭೆ ಸಮಾರಂಭಗಳ ರೂಢಿ. ನನಗೆ ಅದರ ಮುಂದಿನ ಅಧ್ಯಾಯವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1962ರ ವಿಧಾನಸಭೆ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಿಂದ ನಿಂತರು. ಸೋತರು! ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರು ಗೆದ್ದರು. ಪಕ್ಷ ರಾಜ್ಯದಲ್ಲಿ ಗೆದ್ದಿತ್ತು, ಮುಖ್ಯಮಂತ್ರಿಯಾಗಬೇಕಾದವರು ಸೋತಿದ್ದರು. ಮಾರ್ಚಿನಿಂದ ಜೂನಿನವರೆಗೆ ಎಸ್.ಆರ್. ಕಂಠಿಯವರು ಆ ಸ್ಥಾನದಲ್ಲಿ ಕುಳಿತರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದ ಕೂಡಲೇ ಕಂಠಿಯವರು ಎದ್ದು ಜಾಗ ಬಿಟ್ಟುಕೊಟ್ಟರು. ಕಂಠಿಯವರ ಆ ನಡೆಯನ್ನು ಇಂದಿನ ರಾಜಕಾರಣಿಗಳಿಗೆ ಹೇಳಿದರೆ ನಂಬುವುದಿಲ್ಲ.

ಹೊಸದುರ್ಗದ ಮತದಾರ ಅಂದು ಸರಿಯಾಗಿ ಆರಿಸಿದನೋ ತಪ್ಪಾಗಿ ಆರಿಸಿದನೋ ಎಂಬ ಚರ್ಚೆ ನನ್ನ ವಿದ್ಯಾರ್ಥಿ ದೆಸೆಯಲ್ಲಿ ಹೋಟೆಲುಗಳಲ್ಲಿ ಬಿಸಿಬಿಸಿಯಾಗಿ ನಡೆಯುತ್ತಿತ್ತು. ದುರ್ಗದ ಋಣ ತೀರಿಸಲಿಲ್ಲವೆಂದು ಬೈದವರುಂಟು. ನನಗೆ ಹಾಗನ್ನಿಸುವುದಿಲ್ಲ. ನಿಜಲಿಂಗಪ್ಪನವರ ಬಗೆಗೆ ಅಪಾರ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಅವರು ಯಾವುದಕ್ಕಾಗಿ ತುರುವನೂರಿನಲ್ಲಿ ಕೊಡಲಿ ಎತ್ತಿದರೋ ಅದು ಕೈಗೂಡಿದ್ದಕ್ಕೆ ಅವರ ಮುಖ್ಯಮಂತ್ರಿ ಪದವಿಗಿಂತ ಹೊಸದುರ್ಗದ ಆ ಸೋಲು ದೊಡ್ಡ ಪುರಾವೆ. 1675ರ ಸುಮಾರಿನಲ್ಲಿ ನಾಯಕರು ಕಟ್ಟಿಸಿದ ಕೋಟೆಯ ಊರು ಅದು. ಅಲ್ಲಿಯ ಒಕ್ಕಲುಮಗ ಒಂದು ಚೀಟಿಯಿಂದ ರಾಜ್ಯದ ಅತಿ ದೊಡ್ಡ ನಾಯಕನನ್ನು ಮನೆಗೆ ಕಳಿಸಿದ. ಸೈನ್ಯ ಬರಲಿಲ್ಲ, ಊರು ಸುಡಲಿಲ್ಲ, ಯಾರನ್ನೂ ಸೆರೆಯೊಯ್ಯಲಿಲ್ಲ. ಸೋತವರೂ ಅದನ್ನು ಒಪ್ಪಿಕೊಂಡರು.

ಈಗಲೂ ನಮ್ಮ ಸೀಮೆಗೆ ಕೊರತೆಗಳು ಕಡಿಮೆಯೇನಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಎಲ್ಲಿ ಎಂದು ಜನ ಧರಣಿ ಕೂತದ್ದನ್ನು ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಮಾರಿಕಣಿವೆಯ ನೀರಿಗಾಗಿ ಬಿನ್ನಹ ಹಿಡಿದು ದಸರೆಗೆ ಮೈಸೂರಿಗೆ ಹೋದ ಅಜ್ಜನಿಗೂ, ರಸ್ತೆಯಲ್ಲಿ ಕೂತು ‘ಎಲ್ಲಿ ನಮ್ಮ ನೀರು’ ಎಂದು ಗದರುವ ಮೊಮ್ಮಗನಿಗೂ ಇರುವ ವ್ಯತ್ಯಾಸ ನೀರಿನದಲ್ಲ.

ಇದನ್ನೆಲ್ಲ ಬರೆದದ್ದಕ್ಕೆ ಒಂದು ಸಣ್ಣ ಕಾರಣವೂ ಇದೆ. ಪ್ರತಿ ವರ್ಷ ನಮ್ಮ ಶಾಲೆಗಳ ಮಕ್ಕಳು ಕೋಟೆ ನೋಡಲು ದುರ್ಗಕ್ಕೆ ಬರುತ್ತಾರೆ. ಓಬವ್ವನ ಕಿಂಡಿಯಲ್ಲಿ ತೂರಿ ಫೋಟೋ ತೆಗೆಸಿಕೊಂಡು, ಏಕನಾಥೇಶ್ವರಿಗೆ ಕೈಮುಗಿದು, ಚಿತ್ರಾನ್ನದ ಗಂಟು ಬಿಚ್ಚಿ ತಿಂದು ಹಿಂತಿರುಗುತ್ತಾರೆ. ಅದೇ ಬಸ್ಸು ಇನ್ನೊಂದು ಗಂಟೆ ತಡವಾಗಿ ಹೊರಟರೆ ತುರುವನೂರಿಗೂ ಹೋಗಿ ಬರಬಹುದು, ಹೆದ್ದಾರಿಯ ಪಕ್ಕ ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕವನ್ನೂ ತೋರಿಸಬಹುದು. ಸೇವೆಯಲ್ಲಿರುವ ಉಪಾಧ್ಯಾಯ ಮಿತ್ರರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಓದುಗರಲ್ಲಿ ಇನ್ನೊಂದು ವಿನಂತಿ. 1939ರಲ್ಲಾಗಲಿ 1947ರಲ್ಲಾಗಲಿ ಜೈಲಿಗೆ ಹೋದ ಹಿರಿಯರು ನಿಮ್ಮ ಮನೆತನದಲ್ಲಿದ್ದರೆ ಅವರ ಪಿಂಚಣಿ ಕಾಗದ, ಜೈಲಿನಿಂದ ಬರೆದ ಕಾರ್ಡು, 1972ರಲ್ಲಿ ಕೊಟ್ಟ ತಾಮ್ರಪತ್ರ, ಏನಾದರೂ ಅಟ್ಟದ ಮೇಲೆ ಇದ್ದೀತು. ಹಳೆಯ ಪಾತ್ರೆಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಒರೆಸಿ ಓದಿ. ಅದರ ಮೇಲಿನ ಹೆಸರು, ಊರು, ತಾರೀಖುಗಳನ್ನು ಒಂದು ಹಾಳೆಗೆ ಬರೆದಿಟ್ಟು, ಅದರ ಇನ್ನೊಂದು ಪ್ರತಿಯನ್ನು ನಿಮ್ಮ ಊರಿನ ಶಾಲೆಗೆ ಕೊಡಿ.